ಕೈಗೂ ರೆಕ್ಕೆಗೂ ನಡುವೆ

ಓಕಳಿಪುರಂ ಎಂದೊಡನೆ ಬೆಂಗಳೂರಿನವರ ಕಣ್ಣಮುಂದೆ ಬರುವುದು ರೈಲು ಹಳಿ. ಸಿಟಿ ನಿಲ್ದಾಣ ಬಿಟ್ಟು ಉತ್ತರಕ್ಕೆ ಹೊರಟ ಹಳಿಗಳು ಈ ಬಡಾವಣೆಯ ಅಂಚಿನಲ್ಲೇ ಕವಲೊಡೆಯುತ್ತವೆ. ಒಂದು ಕವಲು ಕಂಟೋನ್ಮೆಂಟ್ ಕಡೆಗೆ, ಇನ್ನೊಂದು ಮಲ್ಲೇಶ್ವರ, ಯಶವಂತಪುರ ಹಾದು ತುಮಕೂರಿನ ಕಡೆಗೆ. ಒಂದು ಬದಿಗೆ ಶ್ರೀರಾಮಪುರ, ಇನ್ನೊಂದು ಬದಿಗೆ ರೈಲ್ವೆಯ ಯಾರ್ಡು, ಸ್ವಲ್ಪ ದೂರದಲ್ಲಿ ಒಂದು ಕಾಲಕ್ಕೆ ಸಾವಿರಾರು ಜನರಿಗೆ ಅನ್ನ ಕೊಟ್ಟ ಬಿನ್ನಿ, ಮಿನರ್ವ, ರಾಜಾ ಮಿಲ್ಲುಗಳು. ರೇಡಿಯೋ ನಿಯಂತ್ರಣದ ಮಾದರಿ ವಿಮಾನ ಹಾರಿಸುವಷ್ಟು ಬಯಲು ಇಲ್ಲಿ ಎಲ್ಲೂ ಇಲ್ಲ. ಆದರೂ ಆ ವಿಮಾನದ ರೆಕ್ಕೆಯಂಚನ್ನು ಅಲ್ಲಾಡಿಸುವ ಸರ್ವೋ ಎಂಬ ಪುಟ್ಟ ಯಂತ್ರದ ದೋಷ ಹುಡುಕುವ ವಿದ್ಯೆಯ ಚರಿತ್ರೆಯನ್ನು ಇಲ್ಲಿಂದಲೇ ಶುರು ಮಾಡುವುದು ಸರಿ. ದೂರದಲ್ಲಿರುವ ವಸ್ತುವೊಂದು ಕೈ ಹೇಳಿದಂತೆ ಕೇಳಬೇಕು, ಕೇಳದಿದ್ದರೆ ತಪ್ಪು ಎಲ್ಲಿದೆ ಎಂದು ಪತ್ತೆ ಹಚ್ಚಬೇಕು ಎಂಬ ಸಮಸ್ಯೆ ಈ ಊರಿಗೆ ವಿಮಾನಕ್ಕಿಂತ ಬಹಳ ಮೊದಲೇ, ರೈಲಿನ ಜೊತೆಗೇ ಬಂತು. ನನ್ನ ವಾದ ಇಷ್ಟು: ದೋಷ ಕಾಣುವ ಜಾಗ ಬೇರೆ, ಹುಟ್ಟುವ ಜಾಗ ಬೇರೆ. ಈ ಎರಡನ್ನೂ ಬೇರ್ಪಡಿಸಿ ನೋಡುವುದೇ ರಿಪೇರಿ ವಿದ್ಯೆಯ ತಿರುಳು. ಸಿಗ್ನಲ್ ತಂತಿಯಿಂದ ಸರ್ವೋದವರೆಗೆ ಸಾಧನಗಳು ಬದಲಾದವು, ಈ ತಿರುಳು ಬದಲಾಗಲಿಲ್ಲ. ಬಿಡಿಭಾಗ ಅಗ್ಗವಾಯಿತೆಂದು ಇದನ್ನು ಕೈಬಿಟ್ಟರೆ ವಿಮಾನ ಕಟ್ಟುವ ಊರೆಂಬ ಹೆಸರಿನ ಬೆಂಗಳೂರು ತನ್ನ ಬೇರನ್ನೇ ಕಡಿದುಕೊಂಡಂತೆ.

ಕಂಟೋನ್ಮೆಂಟಿಗೆ ಮದರಾಸಿನ ಕಡೆಯ ರೈಲು ಬಂದದ್ದು 1864ರಲ್ಲಿ. 1882ರ ಹೊತ್ತಿಗೆ ಮೈಸೂರಿನವರೆಗೂ, 1884ರಲ್ಲಿ ತುಮಕೂರಿನವರೆಗೂ ಮೀಟರ್ ಗೇಜ್ ಹಳಿ ಬಿತ್ತು. ಹಳಿಗಳು ಕೂಡುವಲ್ಲಿ, ಅಗಲುವಲ್ಲಿ ಗಾಡಿಗೆ ನಿಲ್ಲು, ಹೋಗು ಎಂದು ಹೇಳುವ ಕೈಮರ ಬೇಕಾಯಿತು. ಆ ಕಾಲದ ಸೆಮಾಫೋರ್ ಸಿಗ್ನಲ್ಲು ಎತ್ತರದ ಕಂಬಕ್ಕೆ ಕಟ್ಟಿದ ಒಂದು ತೋಳು. ಅದನ್ನು ಆಡಿಸುವವನು ದೂರದ ಕ್ಯಾಬಿನ್ನಿನಲ್ಲಿ ಲಿವರ್ ಹಿಡಿದು ನಿಂತಿರುತ್ತಿದ್ದ. ಲಿವರಿಗೂ ತೋಳಿಗೂ ನಡುವೆ ಇದ್ದದ್ದು ನೆಲದಿಂದ ಗೇಣೆತ್ತರದಲ್ಲಿ ಸಣ್ಣ ರಾಟೆಗಳ ಮೇಲೆ ಹರಿಯುವ ಉಕ್ಕಿನ ತಂತಿ. ಉಕ್ಕು ಬಿಸಿಲಿಗೆ ಹಿಗ್ಗುತ್ತದೆ. ಒಂದು ಮೀಟರ್ ಉಕ್ಕು ಒಂದು ಡಿಗ್ರಿ ಬಿಸಿಯೇರಿದರೆ ಹಿಗ್ಗುವುದು ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೇ. ಆದರೆ ತಂತಿ 500 ಮೀಟರ್ ಉದ್ದವಿದ್ದು, ಮುಂಜಾನೆಗೂ ಮಧ್ಯಾಹ್ನಕ್ಕೂ ಅದರ ಬಿಸಿಯಲ್ಲಿ 20 ಡಿಗ್ರಿ ವ್ಯತ್ಯಾಸ ಬಂದರೆ ಹಿಗ್ಗು 12 ಸೆಂಟಿಮೀಟರಿಗೆ ಮುಟ್ಟುತ್ತದೆ. ಬೆಳಿಗ್ಗೆ ಸರಿಯಾಗಿ ಬಾಗಿದ ತೋಳು ಮಧ್ಯಾಹ್ನ ಅರ್ಧಕ್ಕೇ ನಿಂತರೆ ಡ್ರೈವರನ ಕಣ್ಣಿಗೆ ಕೆಟ್ಟದ್ದು ತೋಳು. ನಿಜವಾಗಿ ತೋಳಿಗೂ ಕಂಬಕ್ಕೂ ಏನೂ ಆಗಿಲ್ಲ, ನಡುವಿನ ತಂತಿ ಸಡಿಲಾಗಿದೆ. ಕ್ಯಾಬಿನ್ನಿನಲ್ಲಿ ತಂತಿ ಬಿಗಿ ಮಾಡುವ ಅಡ್ಜಸ್ಟರ್ ಇರುತ್ತಿದ್ದುದು ಇದೇ ಕಾರಣಕ್ಕೆ.

ಈ ವ್ಯವಸ್ಥೆಯನ್ನು ಕಟ್ಟಿದವರು ಇನ್ನೊಂದು ವಿಷಯವನ್ನೂ ಯೋಚಿಸಿದ್ದರು. ತಂತಿ ಒಂದು ದಿನ ತುಂಡಾಗಿಯೇ ಆಗುತ್ತದೆ, ಆಗ ತೋಳು ಯಾವ ಕಡೆಗೆ ಹೋಗಬೇಕು? ಕಂಬಕ್ಕೆ ಭಾರದ ಗುಂಡೊಂದನ್ನು ಜೋಡಿಸಿ, ತಂತಿ ಹರಿದರೆ ತೋಳು ತಾನಾಗಿ ‘ನಿಲ್ಲು’ ಎಂಬ ಸ್ಥಿತಿಗೆ ಮರಳುವಂತೆ ಮಾಡಿದರು. ಕೈ ಸೋತಾಗ ಯಂತ್ರ ಯಾವ ಸ್ಥಿತಿಗೆ ಬೀಳಬೇಕೆಂದು ಮೊದಲೇ ತೀರ್ಮಾನಿಸುವ ಈ ಕ್ರಮ ಮುಂದೆ ವಿಮಾನಕ್ಕೂ ಬಂತು, ಮಾದರಿ ವಿಮಾನಕ್ಕೂ ಬಂತು. ಸಿಗ್ನಲ್ ಫಿಟ್ಟರನ ಕೆಲಸದಲ್ಲಿ ಎರಡು ಅಂಶಗಳನ್ನು ಗುರುತಿಸಬೇಕು. ಲಿವರ್, ಸರಪಳಿ, ತಂತಿ, ರಾಟೆ, ಕಂಬದ ಬುಡದ ಕ್ರ್ಯಾಂಕು, ತೋಳು ಎಂಬ ಕೊಂಡಿಗಳನ್ನು ಅವನು ಒಂದರಿಂದೊಂದು ಬಿಡಿಸಿ ನೋಡಬಲ್ಲವನಾಗಿದ್ದ. ಜೊತೆಗೆ ಯಾವ ಕೊಂಡಿ ಎಷ್ಟು ಬಿಗಿಯಿರಬೇಕು ಎಂಬ ಅಂದಾಜು ಅವನ ಕೈಗೇ ಗೊತ್ತಿತ್ತು. ತೋಳು ಬಾಗಲಿಲ್ಲವೆಂದು ತೋಳನ್ನೇ ಬದಲಿಸುವವನನ್ನು ಯಾರೂ ಫಿಟ್ಟರ್ ಎಂದು ಕರೆಯುತ್ತಿರಲಿಲ್ಲ.

1940ರ ಡಿಸೆಂಬರಿನಲ್ಲಿ ಇದೇ ಊರಿನ ಪೂರ್ವಕ್ಕೆ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಜೊತೆಗೂಡಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ (ಮುಂದೆ ಎಚ್‌ಎಎಲ್) ಕಟ್ಟಿದಾಗ ಸಮಸ್ಯೆ ನೆಲ ಬಿಟ್ಟು ಮೇಲೇರಿತು. ಯುದ್ಧದ ವರ್ಷಗಳಲ್ಲಿ ಅಲ್ಲಿ ನಡೆದ ಮುಖ್ಯ ಕೆಲಸ ವಿಮಾನಗಳ ದುರಸ್ತಿ. 1942ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನಶಾಸ್ತ್ರದ ವಿಭಾಗ ಶುರುವಾಯಿತು. ಅಲ್ಲಿ ಪಾಠ ಹೇಳಿದ ವಿ.ಎಂ. ಘಾಟಗೆ ಅವರ ಮುಂದಾಳತ್ವದಲ್ಲಿ ರೂಪುಗೊಂಡ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟ್ 5ರಂದು ಮೊದಲ ಬಾರಿಗೆ ಹಾರಿತು. ಆ ತಲೆಮಾರಿನ ತರಬೇತಿ ವಿಮಾನಗಳಲ್ಲಿ ಪೈಲಟ್ಟಿನ ಕೈಗೂ ರೆಕ್ಕೆಯ ಅಂಚಿನ ಏಲಿರಾನಿಗೂ ನಡುವೆ ಇದ್ದದ್ದು ತಂತಿ, ಸರಳು, ರಾಟೆಗಳೇ. ಬಿಸಿಲಿನ ಲೆಕ್ಕ ಇಲ್ಲಿಯೂ ತಪ್ಪಲಿಲ್ಲ, ಆದರೆ ತಿರುಗುಮುರುಗಾಯಿತು. ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ಕುಗ್ಗುತ್ತದೆ. ಎತ್ತರದ ಚಳಿಯಲ್ಲಿ ವಿಮಾನದ ಮೈ ತಂತಿಗಿಂತ ಹೆಚ್ಚು ಕುಗ್ಗುವುದರಿಂದ ನೆಲದ ಮೇಲೆ ಬಿಗಿಯಾಗಿದ್ದ ತಂತಿ ಮೇಲೆ ಹೋದಾಗ ಸಡಿಲಾಗುತ್ತದೆ. ಆದ್ದರಿಂದ ನೆಲದಲ್ಲಿ ತಂತಿಯನ್ನು ಎಷ್ಟು ಬಿಗಿಯಬೇಕೆಂಬುದಕ್ಕೆ ಅಳತೆ ಬಂತು, ತಂತಿ ಬಿಗಿಯುವ ತಿರುಪಾದ ಟರ್ನ್‌ಬಕಲ್ ಸಡಿಲಾಗದಂತೆ ಬೀಗದ ತಂತಿ ಸುತ್ತುವ ನಿಯಮ ಬಂತು.

ದೋಷ ಹುಡುಕುವ ಶಿಸ್ತು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಜಗತ್ತಿನ ವಿಮಾನ ಚರಿತ್ರೆಯ ಎರಡು ಘಟನೆ ಸಾಕು. 1935ರ ಅಕ್ಟೋಬರ್ 30ರಂದು ಅಮೆರಿಕದಲ್ಲಿ ಬೋಯಿಂಗ್ ಕಂಪನಿಯ ಮಾದರಿ 299 ಎಂಬ ಬಾಂಬರ್ ಮೇಲೇರಿದ ಕೆಲವೇ ಕ್ಷಣಗಳಲ್ಲಿ ನೆಲಕ್ಕೆ ಬಿತ್ತು. ನೆಲದಲ್ಲಿದ್ದಾಗ ಗಾಳಿಗೆ ಹೊಡೆದುಕೊಳ್ಳದಿರಲೆಂದು, ವಿಮಾನವನ್ನು ಏರಿಸಿಳಿಸುವ ಬಾಲದ ಎಲಿವೇಟರಿಗೆ ಹಾಕಿದ್ದ ಬೀಗವನ್ನು ಹಾರುವ ಮುನ್ನ ತೆಗೆದಿರಲಿಲ್ಲ. ಹಾರಾಟಕ್ಕೆ ಮುನ್ನ ಪಟ್ಟಿ ಹಿಡಿದು ಒಂದೊಂದಾಗಿ ಪರೀಕ್ಷಿಸುವ ರೂಢಿ ಬಲಗೊಂಡದ್ದು ಆ ಅಪಘಾತದ ನಂತರ. 1947ರ ಆಗಸ್ಟ್ 23ರಂದು ಇಂಗ್ಲೆಂಡಿನಲ್ಲಿ ಆವ್ರೋ ಟ್ಯೂಡರ್ ವಿಮಾನ ಬಿದ್ದು, ಲ್ಯಾಂಕಾಸ್ಟರ್ ಬಾಂಬರನ್ನು ರೂಪಿಸಿದ ರಾಯ್ ಚಾಡ್ವಿಕ್ ಸತ್ತರು. ಏಲಿರಾನಿನ ತಂತಿಗಳನ್ನು ತಿರುಗುಮುರುಗಾಗಿ ಜೋಡಿಸಲಾಗಿತ್ತು. ಬಲಕ್ಕೆ ಎಂದರೆ ಎಡಕ್ಕೆ ವಾಲುತ್ತಿತ್ತು. ಎರಡೂ ಕಡೆ ಏಲಿರಾನಾಗಲಿ ಎಲಿವೇಟರಾಗಲಿ ತಯಾರಿಕೆಯಲ್ಲಿ ಕೆಟ್ಟಿರಲಿಲ್ಲ. ಕೆಟ್ಟದ್ದು ನಡುವಿನ ಜೋಡಣೆ, ಅಥವಾ ಆ ಜೋಡಣೆಯನ್ನು ಕಣ್ಣಾರೆ ನೋಡಿ ಖಾತ್ರಿಪಡಿಸಿಕೊಳ್ಳಬೇಕಾದ ಮನುಷ್ಯನ ಅಭ್ಯಾಸ. ನಿಯಂತ್ರಣದ ತಂತಿಯನ್ನು ಒಬ್ಬ ಮುಟ್ಟಿದರೆ ಇನ್ನೊಬ್ಬ ಬಲ್ಲವನು ಬಂದು ಪ್ರತ್ಯೇಕವಾಗಿ ಪರೀಕ್ಷಿಸಲೇಬೇಕು ಎಂಬ ವಿಮಾನ ದುರಸ್ತಿಯ ಕಟ್ಟಳೆ ಇಂಥ ಸಾವುಗಳನ್ನು ಕಂಡ ಜಗತ್ತಿನ ಕಟ್ಟಳೆ.

ಮಾದರಿ ವಿಮಾನದ ಕಥೆಯೂ ಮೊದಲಿಗೆ ತಂತಿಯದ್ದೇ. 1940ರ ಸುಮಾರಿಗೆ ಅಮೆರಿಕದ ಜಿಮ್ ವಾಕರ್ ಜನಪ್ರಿಯಗೊಳಿಸಿದ ಕಂಟ್ರೋಲ್ ಲೈನ್ ಪದ್ಧತಿಯಲ್ಲಿ ಹಾರಿಸುವವನು ನಡುವೆ ನಿಲ್ಲುತ್ತಾನೆ, ವಿಮಾನ ಅವನ ಸುತ್ತ ಸುತ್ತುತ್ತದೆ. ಕೈಯ ಹಿಡಿಕೆಯಿಂದ ಎರಡು ತೆಳು ತಂತಿ ರೆಕ್ಕೆಯೊಳಗಿನ ಬೆಲ್‌ಕ್ರ್ಯಾಂಕ್ ಎಂಬ ಸನ್ನೆಗೆ ಹೋಗುತ್ತವೆ. ಅಲ್ಲಿಂದ ಒಂದು ಸರಳು ಬಾಲದ ಎಲಿವೇಟರಿಗೆ ಹೋಗುತ್ತದೆ. ಕೈ ಮೇಲಕ್ಕೆ ಬಾಗಿದರೆ ವಿಮಾನ ಮೇಲಕ್ಕೆ. ಎನ್‌ಸಿಸಿ ವಾಯುದಳದ ಹುಡುಗರು ಏರೋಮಾಡೆಲಿಂಗ್ ತರಬೇತಿಯಲ್ಲಿ ಬಾಲ್ಸಾ ಮರ ಕೊರೆದು ಕಲಿಯುತ್ತ ಬಂದದ್ದರಲ್ಲಿ ಇದೂ ಒಂದು. ಜಗತ್ತಿನಲ್ಲಿ ರೇಡಿಯೋ ಬಂದ ಮೇಲೂ ನಮ್ಮಲ್ಲಿ ತಂತಿ ಬಹಳ ಕಾಲ ಉಳಿಯಿತು. ಇದಕ್ಕೆ ಬರಿಯ ಬಡತನವನ್ನು ಕಾರಣ ಮಾಡುವುದು ತಪ್ಪು. 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯ ಪ್ರಕಾರ ವೈರ್‌ಲೆಸ್ ಸಾಧನವೊಂದನ್ನು ಹತ್ತಿರ ಇಟ್ಟುಕೊಳ್ಳಲೂ ಪರವಾನಗಿ ಬೇಕಿತ್ತು. ಆಮದಿನ ಮೇಲೆ 1991ರವರೆಗೂ ಬಿಗಿ ಹಿಡಿತವಿತ್ತು. ಹೊರಗಿನಿಂದ ಬಂದ ಒಂದು ಸೆಟ್ಟು ಕೆಟ್ಟರೆ ಇನ್ನೊಂದು ಸುಲಭಕ್ಕೆ ಸಿಗುವ ಕಾಲ ಅದಾಗಿರಲಿಲ್ಲ. ಹೀಗಾಗಿ ಕೆಟ್ಟದ್ದನ್ನು ಬಿಚ್ಚಿ ನೋಡುವುದು ಆಯ್ಕೆಯ ಮಾತಾಗಿರದೆ ಅನಿವಾರ್ಯವಾಗಿತ್ತು.

ರೇಡಿಯೋ ಮಾದರಿಗೆ ಬಂದದ್ದೂ ಹಂತ ಹಂತವಾಗಿ. 1930ರ ದಶಕದ ಕೊನೆಯಲ್ಲಿ ಅಮೆರಿಕದ ಅವಳಿ ಸಹೋದರರಾದ ವಾಲ್ಟರ್ ಮತ್ತು ವಿಲಿಯಂ ಗುಡ್ ‘ಗಫ್’ ಎಂಬ ಮಾದರಿಯನ್ನು ರೇಡಿಯೋದಿಂದ ಹಾರಿಸಿದರು. ಮೊದಮೊದಲ ಅಗ್ಗದ ಸೆಟ್ಟುಗಳಲ್ಲಿ ಸರ್ವೋ ಇರಲಿಲ್ಲ. ತಿರುಚಿದ ರಬ್ಬರ್ ಬ್ಯಾಂಡಿನ ಬಲದಲ್ಲಿ ತಿರುಗುವ ಎಸ್ಕೇಪ್‌ಮೆಂಟ್ ಎಂಬ ಸಾಧನ ಬಾಲದ ರಡ್ಡರನ್ನು ಪೂರ್ತಿ ಎಡಕ್ಕೋ ಪೂರ್ತಿ ಬಲಕ್ಕೋ ತಳ್ಳುತ್ತಿತ್ತು, ಗುಂಡಿ ಬಿಟ್ಟರೆ ನಡುವಿಗೆ ತರುತ್ತಿತ್ತು. ಸ್ವಲ್ಪ ಎಡಕ್ಕೆ ಎಂದು ಹೇಳುವ ದಾರಿಯೇ ಇರಲಿಲ್ಲ. 1960ರ ದಶಕದಲ್ಲಿ ಪ್ರಪೋರ್ಷನಲ್ ಪದ್ಧತಿ ನೆಲೆಯಾದ ಮೇಲೆ ಟ್ರಾನ್ಸ್‌ಮಿಟರಿನ ಕೋಲು ಎಷ್ಟು ಬಾಗಿತೋ ರೆಕ್ಕೆಯಂಚೂ ಅಷ್ಟೇ ಬಾಗುವಂತಾಯಿತು. ಅದನ್ನು ಸಾಧಿಸಿದ ಯಂತ್ರವೇ ಇಂದಿನ ಸರ್ವೋ. ಬೆಂಕಿಪೊಟ್ಟಣದಷ್ಟು ಚಿಕ್ಕ ಡಬ್ಬಿಯೊಳಗೆ ಒಂದು ಮೋಟಾರು, ಅದರ ವೇಗ ತಗ್ಗಿಸಿ ಬಲ ಹೆಚ್ಚಿಸುವ ಗೇರುಗಳ ಸಾಲು, ಹೊರಗಿನ ತೋಳು ಈಗ ಎಲ್ಲಿದೆ ಎಂದು ಹೇಳುವ ಪೊಟೆನ್ಶಿಯೋಮೀಟರ್, ಇರುವ ಜಾಗವನ್ನೂ ಇರಬೇಕಾದ ಜಾಗವನ್ನೂ ಹೋಲಿಸಿ ಮೋಟಾರನ್ನು ಓಡಿಸುವ ಸರ್ಕ್ಯೂಟ್. ರಿಸೀವರಿನಿಂದ ಬರುವ ಅಪ್ಪಣೆ ಒಂದು ವಿದ್ಯುತ್ ಮಿಡಿತ. ಅದು ಒಂದೂವರೆ ಮಿಲಿಸೆಕೆಂಡ್ ಇದ್ದರೆ ತೋಳು ನಡುವಿನಲ್ಲಿ, ಒಂದು ಮಿಲಿಸೆಕೆಂಡಿಗೆ ಒಂದು ಕೊನೆ, ಎರಡಕ್ಕೆ ಇನ್ನೊಂದು ಕೊನೆ. ಸಾಮಾನ್ಯ ಸರ್ವೋಗೆ ಈ ಅಪ್ಪಣೆ ಸೆಕೆಂಡಿಗೆ 50 ಸಲ ಬರುತ್ತದೆ. ತೋಳು 90 ಡಿಗ್ರಿ ತಿರುಗುವ ಸರ್ವೋದಲ್ಲಿ ಮಿಡಿತದ ಉದ್ದ ಮಿಲಿಸೆಕೆಂಡಿನ ನೂರರಲ್ಲೊಂದು ಪಾಲು ಬದಲಾದರೂ ತೋಳು ಸುಮಾರು ಒಂದು ಡಿಗ್ರಿ ಸರಿಯುತ್ತದೆ.

ಇಲ್ಲಿ ಚರಿತ್ರೆಯ ಒಂದು ದೊಡ್ಡ ತಿರುವು ಇದೆ. ಸಿಗ್ನಲ್ ತಂತಿಯ ಕೊಂಡಿಗಳೆಲ್ಲ ಕಣ್ಣಿಗೆ ಕಾಣುತ್ತಿದ್ದವು, ಕೈಗೆ ಸಿಗುತ್ತಿದ್ದವು. ರೇಡಿಯೋ ಮಾದರಿಯಲ್ಲಿ ಕೋಲಿನಿಂದ ರೆಕ್ಕೆಯವರೆಗಿನ ಅರ್ಧ ದಾರಿ ಕಣ್ಣಿಗೆ ಕಾಣುವುದಿಲ್ಲ. ಟ್ರಾನ್ಸ್‌ಮಿಟರಿನ ಸೆಟ್ಟಿಂಗು, ಗಾಳಿಯಲ್ಲಿ ಹೋಗುವ ಅಲೆ, ರಿಸೀವರು, ಬ್ಯಾಟರಿಯ ವೋಲ್ಟೇಜು, ಪಿನ್ನುಗಳ ಸಂಪರ್ಕ ಇವೆಲ್ಲ ಕಾಣದ ಕೊಂಡಿಗಳು. ಕಣ್ಣಿಗೆ ಕಾಣುವುದು ಕೊನೆಯಲ್ಲಿ ಅಲ್ಲಾಡುವ ಸರ್ವೋ ಮಾತ್ರ. ಅಲ್ಲಾಡಬೇಕಾದದ್ದು ಅಲ್ಲಾಡದಿದ್ದರೆ, ಅಥವಾ ಸುಮ್ಮನಿರಬೇಕಾದದ್ದು ನಡುಗಿದರೆ, ಅಪವಾದ ಅದರ ತಲೆಗೇ ಬೀಳುತ್ತದೆ. ಮನೆಯ ಕೊನೆಯ ನಲ್ಲಿಯಲ್ಲಿ ನೀರು ಸಣ್ಣಗೆ ಬಂದರೆ ನಲ್ಲಿಯನ್ನೇ ಬದಲಿಸಿದಂತೆ, ಪೈಪಿನಲ್ಲಿ ಎಲ್ಲಿ ಕಟ್ಟಿದೆ ಎಂದು ನೋಡದೆ ಸರ್ವೋ ಬದಲಿಸುವುದು ಇವತ್ತಿನ ರೂಢಿ.

ರೆಕ್ಕೆಯ ಏಲಿರಾನಿನ ಸರ್ವೋ ಒಂದೇ ಸಮನೆ ಗುಂಯ್ ಎನ್ನುತ್ತದೆ, ಮುಟ್ಟಿದರೆ ಬಿಸಿ, ಕೋಲು ಬಿಟ್ಟರೂ ನಡುವಿಗೆ ಸರಿಯಾಗಿ ಬರುವುದಿಲ್ಲ ಎಂದಿಟ್ಟುಕೊಳ್ಳೋಣ. ಮೊದಲ ಕೆಲಸ ಸರ್ವೋದ ತೋಳಿನಿಂದ ಏಲಿರಾನಿಗೆ ಹೋಗುವ ಸರಳಾದ ಪುಷ್‌ರಾಡಿನ ತೋಳಿನ ಕಡೆಯ ಕ್ಲೆವಿಸ್ ಕೊಂಡಿ ಕಳಚುವುದು. ಕಳಚಿದ ಕೂಡಲೇ ಗುಂಯ್ ನಿಂತರೆ ಸರ್ವೋ ನಿರಪರಾಧಿ, ಅದು ಎಳೆಯಲಾಗದ್ದನ್ನು ಎಳೆಯಲು ಹೆಣಗುತ್ತಿತ್ತು ಅಷ್ಟೇ. ಆಗ ಏಲಿರಾನನ್ನು ಬೆರಳಿನಿಂದ ಮೇಲೆ ಕೆಳಗೆ ಆಡಿಸಬೇಕು. ತನ್ನ ಭಾರಕ್ಕೇ ಬಾಗುವಷ್ಟು ಹಗುರವಾಗಿರಬೇಕು. ಎಲ್ಲೋ ಹಿಡಿದುಕೊಂಡರೆ ಕೀಲಿನ ಮೇಲೆ ಅಂಟು ಹರಿದಿದೆ, ಅಥವಾ ಮೇಲುಹೊದಿಕೆ ಸಂದಿಯಲ್ಲಿ ಬಿಗಿದಿದೆ, ಅಥವಾ ಕೀಲುಗಳು ಒಂದೇ ಗೆರೆಯಲ್ಲಿಲ್ಲ. ಹಗುರವಾಗಿದ್ದರೆ ಪುಷ್‌ರಾಡನ್ನು ನೋಡಬೇಕು: ರೆಕ್ಕೆಯ ತೂತಿಗೆ ಉಜ್ಜುತ್ತಿದೆಯೇ, ಕೊನೆ ಮುಟ್ಟಿದಾಗ ಬಾಗುತ್ತಿದೆಯೇ. ಇನ್ನೊಂದು ಅತಿಯೂ ಇದೆ. ಎಲ್ಲವೂ ಹಗುರವಾಗಿದ್ದು ಕೊಂಡಿಗಳಲ್ಲಿ ಆಟ ಬಂದಿದ್ದರೂ ಅಪಾಯವೇ. ಕೀಲಿನಿಂದ 10 ಮಿಲಿಮೀಟರ್ ದೂರದಲ್ಲಿ, ಏಲಿರಾನಿಗೆ ಸರಳು ಕೂಡುವ ಹಾರ್ನಿನ ತೂತು ಸವೆದು ಅರ್ಧ ಮಿಲಿಮೀಟರ್ ಆಟ ಬಂದರೆ ಏಲಿರಾನು ಸುಮಾರು ಮೂರು ಡಿಗ್ರಿ ತನ್ನಿಷ್ಟಕ್ಕೆ ಆಡುತ್ತದೆ. ಸರ್ವೋ ಎಷ್ಟೇ ನಿಖರವಿರಲಿ, ಆ ಮೂರು ಡಿಗ್ರಿ ಅದರ ಅಂಕೆಯಲ್ಲಿಲ್ಲ. ವೇಗ ಹೆಚ್ಚಿದಾಗ ಇದೇ ಆಟ ಫ್ಲಟರ್ ಎಂಬ ಭೀಕರ ನಡುಕಕ್ಕೆ ದಾರಿ ಮಾಡಿ ರೆಕ್ಕೆಯನ್ನೇ ಚಿಂದಿ ಮಾಡಬಲ್ಲದು.

ಕ್ಲೆವಿಸ್ ಕಳಚಿದ ಮೇಲೂ ತೊಂದರೆ ಉಳಿದರೆ ದಾರಿ ವಿದ್ಯುತ್ತಿನ ಕಡೆಗೆ ತಿರುಗುತ್ತದೆ. ಅದೇ ಸರ್ವೋವನ್ನು ರಿಸೀವರಿನ ಬೇರೆ ಚಾನೆಲ್ಲಿಗೆ ಚುಚ್ಚಬೇಕು, ಆ ಚಾನೆಲ್ಲಿಗೆ ಸರಿಯಿರುವ ಇನ್ನೊಂದು ಸರ್ವೋ ಚುಚ್ಚಬೇಕು. ತಪ್ಪು ಸರ್ವೋದ ಜೊತೆ ಹೋಯಿತೋ ಚಾನೆಲ್ಲಿನಲ್ಲೇ ಉಳಿಯಿತೋ ಎಂಬುದರಿಂದ ಅರ್ಧ ಸರಪಳಿ ಒಂದೇ ಏಟಿಗೆ ನಿರ್ದೋಷಿಯಾಗುತ್ತದೆ. ವೋಲ್ಟೇಜು ನೋಡುವಾಗ ಎಲ್ಲರೂ ಎಡವುವುದು ಒಂದೇ ಕಡೆ: ಸುಮ್ಮನಿರುವ ಬ್ಯಾಟರಿಗೆ ಮೀಟರ್ ಹಿಡಿದು ಸರಿಯಿದೆ ಎನ್ನುವುದು. ಭಾರ ಬಿದ್ದಾಗಲೇ ಅಳೆಯಬೇಕು. ಸರ್ವೋಗೆ ಹೋಗುವ ತೆಳು ತಂತಿ ಒಂದು ಮೀಟರ್ ಉದ್ದವಿದ್ದರೆ ಹೋಗುವ, ಬರುವ ಎರಡೂ ಎಳೆಗಳ ತಡೆ ಸೇರಿ ಸುಮಾರು ಕಾಲು ಓಮ್. ಅದರಲ್ಲಿ 2 ಆಂಪಿಯರ್ ಹರಿದರೆ ಅರ್ಧ ವೋಲ್ಟ್ ದಾರಿಯಲ್ಲೇ ಕರಗುತ್ತದೆ. 4.8 ವೋಲ್ಟಿನ ಹಳೆಯ ನಾಲ್ಕು ಸೆಲ್ಲಿನ ಬ್ಯಾಟರಿಯಲ್ಲಿ ಒಂದು ಸೆಲ್ಲು ದುರ್ಬಲವಾಗಿದ್ದರೆ ಕಥೆ ಅಲ್ಲಿಗೇ ಮುಗಿಯಿತು. ಇವೆಲ್ಲ ದಾಟಿದ ಮೇಲೆ ಮಾತ್ರ ಸರ್ವೋದ ಡಬ್ಬಿಗೆ ಕೈಯಿಡಬೇಕು. ತಿರುಗಿಸಿದಾಗ ಒಂದೇ ಜಾಗದಲ್ಲಿ ತೊಡರಿದರೆ ಗೇರಿನ ಹಲ್ಲು ಮುರಿದಿದೆ. ನಡುವಿನ ಆಸುಪಾಸಿನಲ್ಲೇ ನಡುಗಿದರೆ ಪೊಟೆನ್ಶಿಯೋಮೀಟರಿನ ಪಟ್ಟಿ ಅಲ್ಲಿ ಸವೆದಿದೆ, ಏಕೆಂದರೆ ಹಾರಾಟದ ಬಹುಪಾಲು ತೋಳು ಇರುವುದು ಅಲ್ಲಿಯೇ.

ಈ ಕ್ರಮಕ್ಕೆ ಮೊದಲ ಆಕ್ಷೇಪ ದುಡ್ಡಿನದು. ಇವತ್ತು ಬೆಂಗಳೂರಿನ ಎಸ್.ಪಿ. ರೋಡಿನ ಬಿಡಿಭಾಗಗಳ ಅಂಗಡಿಗೆ ಹೋದರೆ ಒಂಬತ್ತು ಗ್ರಾಂ ತೂಕದ ಸರ್ವೋ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಅದಕ್ಕಾಗಿ ಒಂದು ಸಂಜೆ ಹಾಳು ಮಾಡುವುದೇಕೆ, ಕಿತ್ತು ಹೊಸದು ಹಾಕಿದರಾಯಿತಲ್ಲ ಎಂಬ ಮಾತಿನಲ್ಲಿ ನ್ಯಾಯವಿದೆ. ಹಲ್ಲು ಮುರಿದ ಅಗ್ಗದ ಸರ್ವೋವನ್ನು ರಿಪೇರಿ ಮಾಡಿ ಎಂದು ನಾನೂ ಹೇಳುವುದಿಲ್ಲ. ಆದರೆ ಬದಲಿಸುವುದು ಒಂದು ಕೆಲಸ, ಏಕೆ ಬದಲಿಸಬೇಕು ಎಂದು ತಿಳಿಯುವುದು ಇನ್ನೊಂದು ಕೆಲಸ. ಕೀಲು ಬಿಗಿಯಾಗಿದ್ದು ಸರ್ವೋ ಸುಟ್ಟಿದ್ದರೆ ಹೊಸ ಸರ್ವೋವೂ ಸುಡುತ್ತದೆ. ತಂತಿಯಲ್ಲಿ ವೋಲ್ಟೇಜು ಕುಸಿಯುತ್ತಿದ್ದರೆ ಹೆಚ್ಚು ಬಲದ ಹೊಸ ಸರ್ವೋ ಇನ್ನೂ ಹೆಚ್ಚು ಕರೆಂಟು ಎಳೆದು ತೊಂದರೆಯನ್ನು ಬೆಳೆಸುತ್ತದೆ. ಎಲ್ಲಕ್ಕಿಂತ ಮುಖ್ಯವಾದ ಮಾತೆಂದರೆ, ಕಾರಣ ತಿಳಿಯದ ದೋಷ ಮೇಜಿನ ಮೇಲೆ ಮಾಯವಾದರೂ ಆಕಾಶದಲ್ಲಿ ಮರಳಬಹುದು. ಎರಡು ಕಿಲೋ ತೂಕದ, ತಿರುಗುವ ಪ್ರೊಪೆಲ್ಲರಿನ ವಸ್ತುವೊಂದು ಅಂಕೆ ತಪ್ಪಿದರೆ ಅದು ಬೀಳುವ ಜಾಗದಲ್ಲಿ ಮಗುವೊಂದು ನಿಂತಿರಬಹುದು. ನೂರಿನ್ನೂರು ರೂಪಾಯಿಯ ಲೆಕ್ಕ ಅಲ್ಲಿಗೆ ಹೊಂದುವುದಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ತಂತ್ರಜ್ಞಾನವೇ ದೋಷವನ್ನು ನಿವಾರಿಸಿತಲ್ಲ, ಹಳೆಯ ಹುಡುಕಾಟ ಏಕೆ ಎಂಬುದು. ಹಳೆಯ ಬ್ಯಾಂಡುಗಳಲ್ಲಿ ಪಕ್ಕದವನ ಟ್ರಾನ್ಸ್‌ಮಿಟರು ಅಡ್ಡ ಬಂದು ಸರ್ವೋಗಳು ನಡುಗುತ್ತಿದ್ದವು ಎಂಬುದು ನಿಜ. 2000ರ ದಶಕದ ನಡುವಿನಲ್ಲಿ ಮಾದರಿಗಳಿಗೆ 2.4 ಗಿಗಾಹರ್ಟ್ಸ್ ಬಂತು, ನಮ್ಮ ಸರ್ಕಾರವೂ ಕಡಿಮೆ ಶಕ್ತಿಯ ಬಳಕೆಗೆ ಆ ಬ್ಯಾಂಡನ್ನು 2005ರಲ್ಲಿ ಪರವಾನಗಿಯಿಂದ ಮುಕ್ತಗೊಳಿಸಿತು. ಆ ನಡುಕ ಬಹುತೇಕ ಹೋಯಿತು. ಆದರೆ ಅದರ ಜಾಗಕ್ಕೆ ಹೊಸದೊಂದು ಬಂತು. ಮೊದಲ ತಲೆಮಾರಿನ ಆ ರಿಸೀವರುಗಳೊಳಗೆ ಪುಟ್ಟ ಕಂಪ್ಯೂಟರು ಇತ್ತು. ಸರ್ವೋಗಳು ಒಟ್ಟಿಗೆ ಎಳೆದಾಗ ವೋಲ್ಟೇಜು ಕ್ಷಣಕಾಲ ಕುಸಿದರೆ ಅದು ಆರಿ ಮತ್ತೆ ಶುರುವಾಗಲು ಕೆಲವು ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಅಷ್ಟರಲ್ಲಿ ವಿಮಾನ ನೆಲ ಕಚ್ಚುತ್ತಿತ್ತು. ಅಂಥ ಕಡೆ ರೇಡಿಯೋ ಕೈಕೊಟ್ಟಿತು ಎನ್ನುವವರಿಗೆ ಉತ್ತರ ಬ್ಯಾಟರಿಯಲ್ಲಿತ್ತು. ಹೊಸ ತಂತ್ರ ಸರಪಳಿಯ ಒಂದು ಕೊಂಡಿಯನ್ನು ಗಟ್ಟಿ ಮಾಡಿದಾಗ ದೋಷ ಮುಂದಿನ ದುರ್ಬಲ ಕೊಂಡಿಗೆ ಸರಿಯುತ್ತದೆ. ಹುಡುಕುವ ಕೆಲಸ ಮುಗಿಯುವುದಿಲ್ಲ, ಹುಡುಕಬೇಕಾದ ಜಾಗ ಬದಲಾಗುತ್ತದೆ.

ದೊಡ್ಡ ವಿಮಾನಗಳೂ ಇದಕ್ಕೇ ಸಾಕ್ಷ್ಯ ಹೇಳುತ್ತವೆ. 2001ರ ಜನವರಿ 4ರಂದು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಿಂದ ವಿಂಗ್ ಕಮಾಂಡರ್ ರಾಜೀವ್ ಕೊಥಿಯಾಲ್ ಹಾರಿಸಿದ ಹಗುರ ಯುದ್ಧವಿಮಾನದಲ್ಲಿ, ಮುಂದೆ ತೇಜಸ್ ಎಂದು ಹೆಸರಾದದ್ದರಲ್ಲಿ, ಪೈಲಟ್ಟಿನ ಕೋಲಿಗೂ ರೆಕ್ಕೆಗೂ ನಡುವೆ ತಂತಿಯ ಎಳೆತವಿಲ್ಲ. ಕಂಪ್ಯೂಟರಿನ ಮೂಲಕ ಹೋಗುವ ವಿದ್ಯುತ್ ಸಂಕೇತವಿದೆ, ಅದೂ ನಾಲ್ಕು ಸಮಾನಾಂತರ ದಾರಿಗಳಲ್ಲಿ. ಒಂದು ದಾರಿ ಸುಳ್ಳು ಹೇಳಿದರೆ ಉಳಿದವು ಅದನ್ನು ಗುರುತಿಸಿ ಬದಿಗಿಡಬೇಕು ಎಂಬ ಲೆಕ್ಕ. ಅಷ್ಟು ಎಚ್ಚರದ ವ್ಯವಸ್ಥೆಯನ್ನು ಕಟ್ಟಿದವರೂ ಅದನ್ನು ನಂಬಿ ನೇರವಾಗಿ ಹಾರಿಸಲಿಲ್ಲ. ಐರನ್ ಬರ್ಡ್ ಎಂಬ ಹಾರದ ಚೌಕಟ್ಟಿನ ಮೇಲೆ ನಿಜವಾದ ಹೈಡ್ರಾಲಿಕ್ಸು, ನಿಜವಾದ ಆಕ್ಚುಯೇಟರುಗಳನ್ನು ಜೋಡಿಸಿ ನೆಲದಲ್ಲೇ ದೋಷ ಹುಡುಕಿದರು. ಇನ್ನೊಂದು ಕಡೆ, 2018ರ ನವೆಂಬರ್ 11ರಂದು ಪೋರ್ಚುಗಲ್ಲಿನಲ್ಲಿ ದುರಸ್ತಿ ಮುಗಿಸಿ ಹೊರಟ ಏರ್ ಅಸ್ತಾನಾದ ವಿಮಾನವೊಂದು ಹುಚ್ಚೆದ್ದಂತೆ ವಾಲಾಡಿ, ಪೈಲಟ್ಟುಗಳ ಹೋರಾಟದಿಂದ ಹೇಗೋ ಇಳಿಯಿತು. ಏಲಿರಾನಿನ ತಂತಿಗಳನ್ನು ತಿರುಗುಮುರುಗಾಗಿ ಹಾಕಲಾಗಿತ್ತು. 1947ರಲ್ಲಿ ಟ್ಯೂಡರನ್ನು ಕೆಡವಿದ ತಪ್ಪು 71 ವರ್ಷದ ಮೇಲೆ ಮತ್ತೆ ಬಂತು. ಮಾದರಿ ಹಾರಿಸುವವರು ಪ್ರತಿ ಹಾರಾಟಕ್ಕೂ ಮುನ್ನ ವಿಮಾನದ ಹಿಂದೆ ನಿಂತು, ಕೋಲನ್ನು ಬಲಕ್ಕೆ ತಳ್ಳಿದರೆ ಬಲ ಏಲಿರಾನು ಮೇಲೆದ್ದು ಎಡದ್ದು ಕೆಳಗಿಳಿಯುತ್ತದೆಯೇ ಎಂದು ನೋಡುವುದು ಆಟದ ಶಾಸ್ತ್ರವಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಕೊನೆಯ ಆಕ್ಷೇಪ ಚರಿತ್ರೆಯದ್ದೇ. ಓಕಳಿಪುರಂನ ಹಳಿಗೂ ಮಾದರಿ ವಿಮಾನಕ್ಕೂ ನಂಟು ಕಟ್ಟುವುದು ಬಲವಂತವಲ್ಲವೇ? ರೈಲ್ವೆಯ ಫಿಟ್ಟರು ಎಚ್‌ಎಎಲ್ ಸೇರಿ, ಅವನ ಮಗ ಸರ್ವೋ ಬಿಚ್ಚಿದ ಎಂಬ ವಂಶಾವಳಿಯನ್ನು ನಾನು ಹೇಳುತ್ತಿಲ್ಲ. ನಾನು ಹೇಳುವುದು ಒಂದೇ ಸಮಸ್ಯೆ ಬೇರೆ ಬೇರೆ ಕಾಲದಲ್ಲಿ ಒಂದೇ ಉತ್ತರವನ್ನು ಹುಟ್ಟಿಸಿತು ಎಂಬುದನ್ನು. ಇಲ್ಲಿನ ಯಾರ್ಡು, ಮಿಲ್ಲು, ಆಮೇಲೆ ಎಚ್‌ಎಎಲ್, ಎಚ್‌ಎಂಟಿ, ಬಿಇಎಲ್, ಐಟಿಐ ಕಾರ್ಖಾನೆಗಳು, 1959ರಲ್ಲಿ ಹುಟ್ಟಿ ಲಕ್ಷ್ಯ, ನಿಶಾಂತ್‌ನಂಥ ಪೈಲಟ್ಟಿಲ್ಲದ ವಿಮಾನ ರೂಪಿಸಿದ ರಕ್ಷಣಾ ಸಂಶೋಧನಾಲಯ ಎಡಿಇ, ಇವೆಲ್ಲ ಆ ಉತ್ತರವನ್ನು ದಿನನಿತ್ಯದ ಕೆಲಸದಲ್ಲಿ ಬಳಸಿದ ಜಾಗಗಳು. ಒಂದು ಊರಿನ ತಾಂತ್ರಿಕ ಚರಿತ್ರೆಯನ್ನು ಬರೆಯುವಾಗ ನಾವು ಮೊದಲ ಹಾರಾಟಗಳ ತಾರೀಖುಗಳನ್ನು ಎಣಿಸುತ್ತೇವೆ. ಹಾರಾಟಕ್ಕೆ ಮುನ್ನ ನಡೆದ ಹುಡುಕಾಟಕ್ಕೆ ತಾರೀಖು ಇಲ್ಲದಿರುವುದರಿಂದ ಅದು ಪುಸ್ತಕದಿಂದ ಜಾರುತ್ತದೆ. ಜಾರಿದ್ದನ್ನು ಮರಳಿ ಸೇರಿಸದಿದ್ದರೆ ಚರಿತ್ರೆ ಅರ್ಧವಾಗುತ್ತದೆ.

2021ರ ಡ್ರೋನ್ ನಿಯಮಗಳು ಬಂದ ಮೇಲೆ ಮಾದರಿ ವಿಮಾನಕ್ಕೂ ಕಾನೂನಿನಲ್ಲಿ ಒಂದು ಸ್ಪಷ್ಟ ಜಾಗ ಸಿಕ್ಕಿದೆ. ಇಂಜಿನಿಯರಿಂಗ್ ಕಾಲೇಜುಗಳ ಹುಡುಗ ಹುಡುಗಿಯರು ಪೈಪೋಟಿಗಾಗಿ ವಿಮಾನ ಕಟ್ಟುತ್ತಿದ್ದಾರೆ. ಅವರಿಗೆ ಸರ್ವೋ ಕೊಳ್ಳಲು ಪರವಾನಗಿ ಬೇಕಿಲ್ಲ, ಕಾಯಬೇಕಾಗಿಲ್ಲ. ಹಿಂದಿನವರಿಗೆ ಅಭಾವ ಕಲಿಸಿದ್ದನ್ನು ಇವರಿಗೆ ಮೇಷ್ಟ್ರು ಕಲಿಸಬೇಕು. ಅದಕ್ಕೆ ದೊಡ್ಡ ಪ್ರಯೋಗಾಲಯ ಬೇಡ. ಕೆಟ್ಟ ಒಂದು ರೆಕ್ಕೆ, ಒಂದು ಮಲ್ಟಿಮೀಟರ್, ಒಂದು ನೋಟ್ ಪುಸ್ತಕ ಸಾಕು. ಯಾವ ಲಕ್ಷಣ ಕಂಡಿತು, ಯಾವ ಕೊಂಡಿ ಕಳಚಿ ನೋಡಿದೆ, ಕಾರಣ ಎಲ್ಲಿ ಸಿಕ್ಕಿತು ಎಂದು ಮೂರು ಸಾಲು ಬರೆಯದೆ ಹೊಸ ಸರ್ವೋ ಕೊಡಬಾರದು ಎಂಬ ನಿಯಮ ಒಂದು ಕಾಲೇಜಿನಲ್ಲಿ ಬಂದರೂ ಸಾಕು. ಅಲ್ಲಿಂದ ಹೊರಬಂದ ಇಂಜಿನಿಯರು ನಾಳೆ ಜನರನ್ನು ಹೊತ್ತ ವಿಮಾನದ ಪಕ್ಕ ನಿಂತಾಗ ಲಕ್ಷಣಕ್ಕೆ ಮದ್ದು ಹಚ್ಚಿ ಸುಮ್ಮನಾಗುವುದಿಲ್ಲ, ಕಾರಣ ಸಿಗುವವರೆಗೂ ಸಹಿ ಹಾಕುವುದಿಲ್ಲ. ವಿಮಾನ ಕಟ್ಟುವ ಊರಿಗೆ ಇಂಥ ಕೈಗಳು ಬೇಕು, ಮತ್ತು ಅವು ತಯಾರಾಗುವುದು ಇಂಥ ಸಣ್ಣ ಮೇಜಿನ ಮೇಲೆಯೇ.